ಬಳ್ಳಾರಿ ಜಾಲಿಗೆ ಸೋತ ಗ್ರೈಂಡರ್ ಹಲ್ಲು

ಪ್ರಶ್ನೆ: ಕುಷ್ಟಗಿ ಹತ್ತಿರ ನಮ್ಮದು ಮಸಾರಿ ಹೊಲ. ಬದುವಿನ ಬಳ್ಳಾರಿ ಜಾಲಿ ಕಡಿಸಿ, ಬುಡ ತೆಗೆಯಲು ಪೆಟ್ರೋಲ್ ಸ್ಟಂಪ್ ಗ್ರೈಂಡರ್ (ಹಲ್ಲಿನ ಚಕ್ರ ತಿರುಗಿ ಬುಡ ಕೊರೆಯುವ ಮಷೀನ್) ತಂದೆ. ಈಗ ಮಷೀನ್ ಕುಪ್ಪಳಿಸುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ. ಒಂದು ಹಲ್ಲಿನ ತುದಿ ಮುರಿದಿದೆ. ಅದೊಂದನ್ನೇ ಬದಲಿಸಿದರೆ ಸಾಕಾ?

ಉತ್ತರ: ಸಾಲದು. ಕನಿಷ್ಠ ಅದರ ಎದುರಿನ ಹಲ್ಲನ್ನೂ ಬದಲಿಸಿ. ಚಕ್ರದ ಒಂದೇ ಕಡೆ ಹೊಸ ಹಲ್ಲು ಕೂತರೆ ತೂಕ ತಪ್ಪುತ್ತದೆ. ಹಿಂದೊಮ್ಮೆ ನಾನೂ ಒಂದೇ ಹಲ್ಲು ಹಾಕಿ ದುಡ್ಡು ಉಳಿಸಿದೆ ಅಂದುಕೊಂಡಿದ್ದೆ. ಆಮೇಲೆ ಬೇರಿಂಗ್‌ಗೆ ಅದರ ಮೂರು ಪಟ್ಟು ಕೊಟ್ಟೆ.

ಮೊದಲು ಎಂಜಿನ್ ಆಫ್ ಮಾಡಿ, ಚಕ್ರ ಪೂರ್ತಿ ನಿಲ್ಲಲಿ. ಸ್ಪಾರ್ಕ್ ಪ್ಲಗ್ ವೈರ್ ಕಿತ್ತಿಡಿ, ಬ್ಯಾಟರಿ ಇದ್ದರೆ ಅದನ್ನೂ ಬಿಚ್ಚಿ. ಚಕ್ರಕ್ಕೆ ಮರದ ತುಂಡು ಒತ್ತುಕೊಡಿ. ದಪ್ಪ ಕೈಗವಸು ಬೇಕೇ ಬೇಕು.

ತಂತಿ ಬ್ರಷ್‌ನಿಂದ ಮಣ್ಣು ತೆಗೆದು ಟಾರ್ಚ್ ಬಿಡಿ. ಹಲ್ಲಿನ ತುದಿಯ ಕಾರ್ಬೈಡ್ (ಉಕ್ಕಿಗಿಂತ ಗಟ್ಟಿ ವಸ್ತು) ಅಂಚು ಹರಿತ ಇದ್ದರೆ ಬೆಳಕು ಅಲ್ಲಿ ನಿಲ್ಲುವುದಿಲ್ಲ. ಮೊಂಡಾಗಿದ್ದರೆ ಬಿಳಿ ಗೆರೆಯ ಹಾಗೆ ಮಿನುಗುತ್ತದೆ. ಚಕ್ಕೆ ಹಾರುವ ಬದಲು ಹಿಟ್ಟಿನಂಥ ಪುಡಿ ಬರುತ್ತಿದ್ದರೂ ಅದೇ ಅರ್ಥ. ಹಲ್ಲು ಕೂರುವ ಪಾಕೆಟ್‌ನಲ್ಲಿ ಬಿರುಕು, ಸವೆದ ತೂತು ಇದೆಯಾ ನೋಡಿ. ಜನ ಇದನ್ನೇ ಮರೆಯುತ್ತಾರೆ. ಬಿರುಕು ಬಿಟ್ಟ ಪಾಕೆಟ್‌ಗೆ ಹೊಸ ಹಲ್ಲು ಹಾಕಿದರೆ ಅದು ಹಾರಿ ಬರುತ್ತದೆ, ಕಾಲಿಗೇ ಬಡಿಯಬಹುದು.

ಎಡ, ಬಲ ಹಲ್ಲು ಬೇರೆ ಬೇರೆ ಇದ್ದರೆ ಅದಲುಬದಲು ಮಾಡಬೇಡಿ. ಬಿಚ್ಚುವ ಮೊದಲೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಹಳೇ ಬೋಲ್ಟ್ ಮತ್ತೆ ಹಾಕಬೇಡಿ. ಬಿಗಿತ ಎಷ್ಟು ಅಂತ ಮ್ಯಾನುವಲ್ ನೋಡಿ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿ. ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಇನ್ನೊಮ್ಮೆ ನೋಡಿ.

ಹಲ್ಲು ಗುಂಡಗಿನದಾದರೆ ತಿರುಗಿಸಿ ಇನ್ನೊಂದು ಅಂಚು ಬಳಸುವ ಸೌಲಭ್ಯ ಇರಬಹುದು. ಸಾಣೆ ಹಿಡಿಸುವುದಾದರೆ ಮಾಮೂಲಿ ಬೂದು ಕಲ್ಲು ಕಾರ್ಬೈಡನ್ನು ಕೊರೆಯುವುದಿಲ್ಲ, ಹಸಿರು ಕಲ್ಲು ಅಥವಾ ಡೈಮಂಡ್ ಚಕ್ರ ಬೇಕು. ಬಿಸಿ ಹಲ್ಲನ್ನು ನೀರಿಗೆ ಅದ್ದಿದರೆ ಸೀಳುತ್ತದೆ. ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿ.

ಜಾಲಿ ಸುಮ್ನೆ ಬಿಡುವ ಗಿಡ ಅಲ್ವಾ? ನೆಲದ ಕೆಳಗಿನ ಬುಡದಿಂದಲೇ ಮತ್ತೆ ಚಿಗುರುತ್ತದೆ. ಹಾಗಾಗಿ ಗೇಣುದ್ದ ಆಳಕ್ಕಾದರೂ ಇಳಿಯಲೇಬೇಕು, ಅಲ್ಲಿ ಗರಸು ಸಿಗುತ್ತದೆ. ಹಲ್ಲು ಸವೆಯುವುದು ಜಾಸ್ತಿ ಅಲ್ಲೇ. ಮೊದಲು ಸುತ್ತ ಗುದ್ದಲಿಯಿಂದ ಬಿಡಿಸಿ, ಕಲ್ಲು ಆರಿಸಿ. ಬದುವಿನ ಗಿಡ ಆದ್ದರಿಂದ ಕಾಂಡದೊಳಗೆ ಹಳೇ ಬೇಲಿ ತಂತಿ ಹೂತಿರಬಹುದು, ಅದನ್ನೂ ನೋಡಿ. ಹಾಗೇ ಆ ಮುರಿದ ತುದಿ ಇನ್ನೂ ಕುಣಿಯಲ್ಲೇ ಬಿದ್ದಿರಬಹುದು. ಹೊಸ ಹಲ್ಲು ಇಳಿಸುವ ಮುಂಚೆ ಪುಡಿ ತೋಡಿ ಹುಡುಕಿ.