ದಿಮ್ಮಿಯಿಂದ ಪುಡಿ ಉದುರುತ್ತಿದ್ದರೆ

ಆರು ತಿಂಗಳಿಂದ ತೊಗಟೆ ಸಮೇತ ಪೇರಿಸಿಟ್ಟ ದಿಮ್ಮಿಗಳಿಂದ ಪುಡಿ ಉದುರುತ್ತಿದೆ, ಯಾವ ಎಣ್ಣೆ ಹಚ್ಚಲಿ ಅಂತ ಕೇಳಿದ್ದೀರಿ. ಎಣ್ಣೆ ಆಮೇಲೆ, ಮೊದಲು ತೊಗಟೆ ಸುಲಿಯಿರಿ. ಮರ ಕೊರೆಯುವ ಎಷ್ಟೋ ದುಂಬಿಗಳು ಮೊಟ್ಟೆ ಇಡೋದೇ ತೊಗಟೆಯ ಬಿರುಕಲ್ಲಿ. ಮರಿಹುಳು ಅದರಡಿಯಲ್ಲೇ ತಿಂದು ದಪ್ಪಗಾಗಿ, ಆಮೇಲೆ ಮರದೊಳಕ್ಕೆ ಇಳಿಯುತ್ತದೆ. ಸುಲಿದಾಗ ಅಂಕುಡೊಂಕು ಗೀರು, ಅದರಲ್ಲಿ ಒತ್ತಿ ತುಂಬಿದ ಹೊಟ್ಟು ಕಾಣಿಸಿದರೆ ಇವೇ.

ಉದುರಿದ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಮೈದಾ ಥರ ನುಣ್ಣಗಿದ್ದು, ತೂತು 1-2 ಮಿಲಿಮೀಟರ್ ಇದ್ದರೆ ಕುಟ್ಟೆ ಹುಳು ಇರಬಹುದು. ಅದಕ್ಕೆ ಬೇಕಾಗಿರೋದು ಹೊರಗಿನ ಬಿಳಿ ಭಾಗದ ಪಿಷ್ಟ. ಚೇಗಿಗೆ, ಅಂದರೆ ಮರದ ನಡುವಿನ ಗಟ್ಟಿ ಭಾಗಕ್ಕೆ, ಸಾಮಾನ್ಯವಾಗಿ ಬಾಯಿ ಹಾಕಲ್ಲ, ಅಷ್ಟು ಸಮಾಧಾನ.

ಮೇಲೆ ಸುಮ್ನೆ ಎಣ್ಣೆ ಬಳಿದರೆ ಒಳಗಿರುವ ಹುಳು ಸಾಯೋದು ಕಷ್ಟ. ಸುಲಿದ ಹಸಿ ಮರಕ್ಕೆ ಬೋರಾಕ್ಸ್, ಬೋರಿಕ್ ಆಸಿಡ್ ದ್ರಾವಣ ಬಳಿದರೆ ತೇವದ ಜೊತೆ ಒಳಗೆ ಇಳಿಯುತ್ತದೆ. ಮಳೆಗೆ ಸಿಕ್ಕರೆ ಮಾತ್ರ ತೊಳೆದುಹೋಗುತ್ತದೆ, ಸೂರಿನಡಿ ಇಡಿ. ನೆಲಕ್ಕೆ ತಾಗದಂತೆ ಎತ್ತರಿಸಿ, ನಡುವೆ ಗಾಳಿಯಾಡಲಿ. ಪ್ಲಾಸ್ಟಿಕ್ ಸುತ್ತಬೇಡಿ, ತೇವ ಒಳಗೇ ನಿಲ್ಲುತ್ತೆ.

ಹುಳು ಬಿದ್ದ ದಿಮ್ಮಿಗಳನ್ನು ಇವತ್ತೇ ಬೇರೆ ಮಾಡಿಬಿಡಿ.