ಆ ತಾಯಿಗೆ ಯೇಸು ಯಾಕೆ ಹಾಗೆ ಹೇಳಿದರು?

ಪ್ರಶ್ನೆ: ಸರ್, ಮತ್ತಾಯನ ಸುವಾರ್ತೆ 15ನೇ ಅಧ್ಯಾಯದಲ್ಲಿ ಕಾನಾನ್ಯ ಹೆಂಗಸೊಬ್ಬಳು ಮಗಳಿಗೆ ದೆವ್ವದ ಕಾಟ ಅಂತ ಯೇಸುವನ್ನು ಬೇಡಿಕೊಳ್ಳುತ್ತಾಳೆ. ಅವರು ಮೊದಲು ಉತ್ತರವನ್ನೇ ಕೊಡುವುದಿಲ್ಲ. ಆಮೇಲೆ, ಮಕ್ಕಳ ರೊಟ್ಟಿ ತೆಗೆದು ನಾಯಿಗಳಿಗೆ ಹಾಕುವುದು ಸರಿಯಲ್ಲ ಅನ್ನುತ್ತಾರೆ. ನಮ್ಮ ಬೈಬಲ್ ಸ್ಟಡಿಯಲ್ಲಿ ‘ಅವಳ ದೀನತೆ ನೋಡಿ ಕಲಿಯಿರಿ’ ಅಂದರು. ನನಗೆ ಮಾತ್ರ ಆ ಮಾತು ಚುಚ್ಚುತ್ತಲೇ ಇದೆ. ಹೇಗೆ ಅರ್ಥ ಮಾಡಿಕೊಳ್ಳಲಿ?
– ಓದುಗರೊಬ್ಬರು, ಕೋಲಾರ

ಉತ್ತರ: ಚುಚ್ಚಿದ್ದು ಒಳ್ಳೆಯದೇ ಆಯಿತು. ‘ಯೇಸು ಸುಮ್ನೆ ಪರೀಕ್ಷೆ ಮಾಡಿದರು’ ಅಂತ ಒಂದೇ ಮಾತಲ್ಲಿ ಮುಗಿಸಿಬಿಡುವವರೇ ಜಾಸ್ತಿ. ಇರಬಹುದು. ಆದರೆ ಮಗಳನ್ನು ಆ ಸ್ಥಿತಿಯಲ್ಲಿ ಬಿಟ್ಟು ಬಂದ ತಾಯಿಗೆ ಅದು ಪರೀಕ್ಷೆ ಅಂತ ಗೊತ್ತಿರಲಿಲ್ಲವಲ್ಲ! ಅವಳ ಕಿವಿಗೆ ಬಿದ್ದದ್ದು ಆ ಮಾತು, ಅಷ್ಟೇ. ಹಾಗಾಗಿ ನಾವೂ ಅವಳ ಪಕ್ಕದಲ್ಲೇ ನಿಂತು ಓದೋಣ.

ಮೊದಲು ಜಾಗ ನೋಡಿ. ಇದು ನಡೆದದ್ದು ತೂರ್ ಸೀದೋನ್ ಸೀಮೆಯಲ್ಲಿ, ಈಗಿನ ಲೆಬನಾನ್ ಕರಾವಳಿಯ ಕಡೆ. ಯೆಹೂದ್ಯರ ಮಟ್ಟಿಗೆ ಅದು ಹೊರಗಿನವರ ನಾಡು. ಅವಳು ಹೆಂಗಸು, ಬೇರೆ ಜನಾಂಗದವಳು, ಜೊತೆಗೆ ಮಗಳಿಗೆ ದೆವ್ವದ ಕಾಟ. ಆದರೂ ಅವಳು ಕೂಗುವುದು ‘ದಾವೀದನ ಕುಮಾರನೇ, ನನ್ನನ್ನು ಕರುಣಿಸು’ ಅಂತ. ಇಸ್ರಾಯೇಲ್ಯರು ಕರೆಯಬೇಕಾದ ಹೆಸರಿನಿಂದ ಕರೆಯುತ್ತಾಳೆ. ಯೇಸು ಮಾತಾಡುವುದಿಲ್ಲ. ಶಿಷ್ಯರು, ಇವಳನ್ನು ಕಳಿಸಿಬಿಡು, ನಮ್ಮ ಹಿಂದೆ ಕೂಗಿಕೊಂಡು ಬರುತ್ತಿದ್ದಾಳೆ ಅನ್ನುತ್ತಾರೆ. ಯೇಸು ಬಾಯಿ ಬಿಟ್ಟಾಗ ಹೇಳುವುದು, ತಾನು ಬಂದಿರುವುದು ಇಸ್ರಾಯೇಲಿನ ತಪ್ಪಿಸಿಕೊಂಡ ಕುರಿಗಳಿಗಾಗಿ ಮಾತ್ರ ಅಂತ. ಅವಳು ಅಡ್ಡಬಿದ್ದು ‘ಕರ್ತನೇ, ನನಗೆ ಸಹಾಯ ಮಾಡು’ ಅನ್ನುತ್ತಾಳೆ. ಆಗ ಬರುತ್ತದೆ ನಾಯಿಗಳ ಮಾತು. ಮಕ್ಕಳು ಅಂದರೆ ಇಸ್ರಾಯೇಲ್ಯರು, ನಾಯಿಗಳು ಅಂದರೆ ಹೊರಗಿನವರು.

ಇಲ್ಲಿಂದ ನಿಧಾನವಾಗಿ ಓದಿ. ಅವಳು ಅಳುತ್ತಾ ಎದ್ದು ಹೋಗುವುದಿಲ್ಲ, ಬೈಯುವುದೂ ಇಲ್ಲ. ‘ಹೌದು ಕರ್ತನೇ, ಆದರೂ ನಾಯಿಗಳು ಯಜಮಾನರ ಮೇಜಿನಿಂದ ಬೀಳುವ ತುಣುಕುಗಳನ್ನು ತಿನ್ನುತ್ತವಲ್ಲಾ’ ಅನ್ನುತ್ತಾಳೆ. ಅವರ ಮಾತನ್ನೇ ಹಿಡಿದುಕೊಂಡು ಅದರೊಳಗೇ ತನ್ನ ಮಗಳಿಗೆ ಜಾಗ ಮಾಡಿಕೊಂಡಳು. ಮಕ್ಕಳ ರೊಟ್ಟಿ ಕಿತ್ತುಕೊಡು ಅಂತ ಅವಳು ಕೇಳಲೇ ಇಲ್ಲ. ಮಕ್ಕಳು ಹೊಟ್ಟೆ ತುಂಬಾ ತಿನ್ನಲಿ, ಅವರು ತಿನ್ನುವಾಗಲೇ ಒಂದಿಷ್ಟು ಕೆಳಗೆ ಉದುರುತ್ತದೆ, ಅದರಿಂದ ಯಾರ ಪಾಲೂ ಕಡಿಮೆ ಆಗುವುದಿಲ್ಲ, ನನಗೆ ಅಷ್ಟು ಸಾಕು. ಇದನ್ನು ದೀನತೆ ಅಂತ ಮಾತ್ರ ಕರೆದರೆ ಅವಳಿಗೆ ಅನ್ಯಾಯ ಮಾಡಿದ ಹಾಗೆ. ಇದು ಹಟ. ಇವರ ಹತ್ತಿರ ಇರುವುದು ಎಲ್ಲರಿಗೂ ಸಾಕಾಗಿ ಮಿಗುತ್ತದೆ ಅನ್ನೋ ನಂಬಿಕೆಯ ಹಟ.

ಮತ್ತಾಯ ಈ ಕಥೆಯನ್ನು ಎಲ್ಲಿ ಇಟ್ಟಿದ್ದಾನೆ ನೋಡಿ. 14ನೇ ಅಧ್ಯಾಯದಲ್ಲಿ ಯೇಸು ಐದು ರೊಟ್ಟಿ, ಎರಡು ಮೀನಿನಿಂದ ಊಟ ಹಾಕಿದಾಗ ಐದು ಸಾವಿರ ಗಂಡಸರು, ಅವರ ಜೊತೆ ಹೆಂಗಸರು ಮಕ್ಕಳು ತಿಂದ ಮೇಲೆ 12 ಪುಟ್ಟಿ ರೊಟ್ಟಿ ತುಂಡುಗಳು ಉಳಿದವು. ಅಂದರೆ ತುಣುಕುಗಳಿಗೆ ಬರವೇ ಇರಲಿಲ್ಲ! ಶಿಷ್ಯರು ಕಣ್ಣಾರೆ ನೋಡಿದ್ದರು. ಅವಳು ನೋಡಿರಲಿಲ್ಲ, ಆದರೂ ಅರ್ಥ ಮಾಡಿಕೊಂಡದ್ದು ಅವಳೇ. ಅದೇ ಅಧ್ಯಾಯದಲ್ಲಿ ನೀರಿನಲ್ಲಿ ಮುಳುಗುತ್ತಿದ್ದ ಪೇತ್ರನಿಗೆ ಯೇಸು ‘ಅಲ್ಪವಿಶ್ವಾಸಿ’ ಅಂದರು. ಇವಳಿಗೆ ‘ಅಮ್ಮಾ, ನಿನ್ನ ನಂಬಿಕೆ ದೊಡ್ಡದು’ ಅಂದರು. ಮತ್ತಾಯನ ಸುವಾರ್ತೆಯಲ್ಲಿ ನಂಬಿಕೆಗಾಗಿ ಇಷ್ಟು ದೊಡ್ಡ ಹೊಗಳಿಕೆ ಸಿಕ್ಕ ಇನ್ನೊಬ್ಬ ಯಾರು ಗೊತ್ತಾ? 8ನೇ ಅಧ್ಯಾಯದಲ್ಲಿ ಬರುವ ಕಪೆರ್ನೌಮಿನ ಶತಾಧಿಪತಿ, ಅಂದರೆ ನೂರು ಸಿಪಾಯಿಗಳ ಮೇಲಿನ ಅಧಿಕಾರಿ. ಅವನೂ ಹೊರಗಿನವನೇ.

ಇನ್ನೊಂದು ವಿಷಯ. ಈ ಕಥೆಗೆ ಸ್ವಲ್ಪ ಮುಂಚೆ, ಕೈ ತೊಳೆಯದೆ ಊಟ ಮಾಡಿದರೆ ಮೈಲಿಗೆ ಅಂತ ಯೆರೂಸಲೇಮಿನಿಂದ ಬಂದ ಫರಿಸಾಯರು, ಅಂದರೆ ಮಡಿ ನಿಯಮಗಳಲ್ಲಿ ಕಟ್ಟುನಿಟ್ಟಾಗಿದ್ದ ಯೆಹೂದ್ಯ ಪಂಗಡದವರು, ತಗಾದೆ ತೆಗೆದಿದ್ದರು. ಬಾಯೊಳಕ್ಕೆ ಹೋಗುವುದು ಮನುಷ್ಯನನ್ನು ಹೊಲೆ ಮಾಡುವುದಿಲ್ಲ, ಹೃದಯದಿಂದ ಹೊರಡುವುದೇ ಹೊಲೆ ಮಾಡುತ್ತದೆ ಅಂತ ಯೇಸು ಹೇಳಿ ಮುಗಿಸಿದರು, ನೇರವಾಗಿ ಈ ಸೀಮೆಗೆ ಬಂದರು. ಮೈಲಿಗೆ ಅನ್ನೋದು ಊಟದ ವಿಷಯದಲ್ಲಿ ಸುಳ್ಳಾದರೆ ಮನುಷ್ಯರ ವಿಷಯದಲ್ಲಿ? ಆ ಪ್ರಶ್ನೆಗೆ ಉತ್ತರ ಈ ತಾಯಿಯ ಮೂಲಕ ಬರುತ್ತದೆ. ಜಾತಿ ನೋಡಿ ಬೆಂಚು ಬಿಟ್ಟುಕೊಡುವ ಸಭೆಗಳು ನಮ್ಮಲ್ಲೂ ಇವೆ, ಅಲ್ವಾ? ಅಂಥ ಕಡೆ ಈ ಕಥೆ ತೋರಿಸಿ ‘ಅವಮಾನ ನುಂಗಿಕೊಂಡು ಸುಮ್ಮನಿರಿ’ ಅಂತ ಬೋಧಿಸಿದರೆ ಅದು ಪೂರ್ತಿ ತಲೆಕೆಳಗಾದ ಓದು. ಅವಳು ಸುಮ್ಮನಿರಲೇ ಇಲ್ಲ. ಇದೇ ಕಥೆ ಬರುವ ಮಾರ್ಕನ ಸುವಾರ್ತೆಯಲ್ಲಂತೂ ಯೇಸು, ನೀನು ಆಡಿದ ಈ ಮಾತಿಗಾಗಿಯೇ ಹೋಗು, ಮಗಳಿಗೆ ಗುಣವಾಯಿತು ಅನ್ನುತ್ತಾರೆ.

ಇಷ್ಟಾದ ಮೇಲೂ ಆ ಮಾತು ನಿಮಗೆ ಚುಚ್ಚುತ್ತಿದ್ದರೆ ಚುಚ್ಚಲಿ ಬಿಡಿ. ಅದನ್ನು ಮೆದು ಮಾಡೋಕೆ ನಾನು ಹೋಗುವುದಿಲ್ಲ.

ಪ್ರಶ್ನೆ: ಮಾರ್ಕನು ಇದೇ ಹೆಂಗಸನ್ನು ಗ್ರೀಕಳು, ಸುರೊಫೊಯಿನಿಕೆಯವಳು ಅನ್ನುತ್ತಾನೆ. ಮತ್ತಾಯನು ಕಾನಾನ್ಯಳು ಅನ್ನುತ್ತಾನೆ. ಯಾವುದು ಸರಿ?
– ಇನ್ನೊಬ್ಬ ಓದುಗರು

ಉತ್ತರ: ಎರಡೂ ಸರಿ. ಆ ಕರಾವಳಿ ಫೊಯಿನಿಕೆ, ಆಗ ರೋಮಿನವರ ಸಿರಿಯಾ ಪ್ರಾಂತ್ಯಕ್ಕೆ ಸೇರಿತ್ತು. ಗ್ರೀಕ್ ಮಾತು, ರೀತಿನೀತಿ ಅಲ್ಲಿ ಹರಡಿತ್ತು. ಮಾರ್ಕ 7:26 ಅವಳ ಕಾಲದ ಗುರುತು ಹೇಳುತ್ತದೆ. ಮತ್ತಾಯ, ಇಸ್ರಾಯೇಲ್ಯರು ಕಾನಾನ್ಯರ ಮೇಲೆ ಯುದ್ಧ ಮಾಡಿದ ಯೆಹೋಶುವನ ಕಾಲದ ಹಗೆಯ ನೆನಪಿರುವ ಹಳೇ ಹೆಸರು ಹಿಡಿಯುತ್ತಾನೆ. ಆ ಹಗೆಯ ಕಡೆಯಿಂದ ಬಂದವಳೇ ಗೆದ್ದಳು ಅಂತ ತೋರಿಸಲು ಬೇಕೆಂದೇ ಹಾಗೆ ಬರೆದ ಅಂತ ನನ್ನ ಅನಿಸಿಕೆ. ಕಾನಾನಿನ ಯೆರಿಕೋ ಊರಿನ ರಾಹಾಬಳನ್ನು ಯೇಸುವಿನ ವಂಶಾವಳಿಯಲ್ಲಿ ಸೇರಿಸಿದವನೂ ಇದೇ ಮತ್ತಾಯ. ಎರಡೂ ಕಥೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಿ. ಮಾರ್ಕನಲ್ಲಿ ಇದು ನಡೆಯುವುದು ಒಂದು ಮನೆಯೊಳಗೆ, ‘ಕಳಿಸಿಬಿಡು’ ಅನ್ನೋ ಶಿಷ್ಯರು ಅಲ್ಲಿ ಕಾಣುವುದಿಲ್ಲ, ಮತ್ತು ‘ಮೊದಲು ಮಕ್ಕಳು ತೃಪ್ತಿಯಾಗಲಿ’ ಅಂತ ಯೇಸು ಹೇಳುತ್ತಾರೆ. ಮೊದಲು ಅಂದಮೇಲೆ ಆಮೇಲೆಯೂ ಒಂದಿದೆ. ಅವಳಿಗೆ ಕಾಯೋಕೆ ಪುರುಸೊತ್ತಿರಲಿಲ್ಲ, ಅಷ್ಟೇ.