ಹಳೇ ಮ್ಯಾನೇಜರ್‌ಗೆ ನೋವಾಗದ ಹಾಗೆ ಹುದ್ದೆ ಬದಲಿಸೋದು ಹೇಗೆ?

ಹತ್ತು ವರ್ಷ ಜೊತೆಗಿದ್ದ ಮ್ಯಾನೇಜರ್ ಜಾಗಕ್ಕೆ ಹೊಸಬರನ್ನು ತಂದು, ಅವರಿಗೆ ಬೇರೆ ಹುದ್ದೆ ಕೊಡೋದು ಹೇಗೆ ಅಂತ ಕೇಳಿದ್ದೀರಿ. ನಾನು ಇದನ್ನೇ ಮಾಡಿ ಕೆಡಿಸಿಕೊಂಡವನು.

ಪೀಣ್ಯದಲ್ಲಿ ನಮ್ಮದು ಟರ್ನಿಂಗ್ ಕೆಲಸ, ಅಂದರೆ ಲೇತ್ ಮಶಿನ್‌ನಲ್ಲಿ ಲೋಹದ ಭಾಗಗಳನ್ನು ಕಡೆಯೋದು. ಎರಡೇ ಲೇತ್ ಇದ್ದಾಗಿಂದ ನಮ್ಮ ಮ್ಯಾನೇಜರ್ ಜೊತೆಗಿದ್ದರು. ನನಗಿಂತ ದೊಡ್ಡವರು, ಅಣ್ಣ ಅಂತಲೇ ಕರೆಯುತ್ತಿದ್ದೆ. ಟೂಲ್ ಸವೆದಿದ್ದರೆ ಸದ್ದಿನಲ್ಲೇ ಹೇಳುತ್ತಿದ್ದರು. ಯಾವ ಮಾಲು ಯಾವ ಪ್ಲೇಟಿಂಗ್‌ನವರ (ಲೋಹದ ಲೇಪ ಹಾಕುವವರ) ಹತ್ತಿರ ಇದೆ ಅನ್ನೋದೆಲ್ಲ ಅವರ ತಲೆಯಲ್ಲೇ ಇತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಮರುವರ್ಷ ಏಪ್ರಿಲ್‌ನಿಂದ ಮಾಲು ಸಾಗಿಸೋಕೆ ಇ-ವೇ ಬಿಲ್ ಅನ್ನೋ ಆನ್‌ಲೈನ್ ದಾಖಲೆ. ಜಾಬ್‌ವರ್ಕ್‌ಗೆ, ಅಂದರೆ ಪ್ಲೇಟಿಂಗ್‌ನಂಥ ಕೆಲಸ ಮಾಡಿಸೋಕೆ ಹೊರಗೆ, ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ, ಕಳಿಸಿದ ದಿನವೇ ಮಾರಿದ ಲೆಕ್ಕ. ಹದಿನೆಂಟು ಮಶಿನ್ ಆದಮೇಲೆ ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳೋಕೆ ಯಾರಿಂದಲೂ ಆಗಲ್ಲ. ಇಡೀ ಕಾರ್ಖಾನೆ ನೋಡಿಕೊಳ್ಳೋಕೆ ಹೊಸ ಪ್ಲಾಂಟ್ ಹೆಡ್ ಬೇಕಾಯಿತು. ಒಬ್ಬರನ್ನು ಕರೆತಂದೆ. ಅದು ತಪ್ಪಲ್ಲ.

ತಪ್ಪು ಇದು: ಅಣ್ಣನಿಗೆ ನಾನೇ ಹೇಳಲಿಲ್ಲ. ಗುಣಮಟ್ಟದ ಸರ್ಟಿಫಿಕೇಟ್‌ಗಾಗಿ ಐಎಸ್‌ಒ 9001 ಆಡಿಟ್ ಹತ್ತಿರ ಬಂದಿತ್ತು. ಯಾರಿಗೆ ಯಾವ ಜವಾಬ್ದಾರಿ, ಯಾವ ಅಧಿಕಾರ ಅಂತ ಎಲ್ಲರಿಗೂ ತಿಳಿಸಿರಬೇಕು ಅನ್ನುತ್ತದೆ ಆ ನಿಯಮ. ಚಾರ್ಟ್ ಮಾಡಿಸಿ ನೋಟಿಸ್ ಬೋರ್ಡಿಗೆ ಹಾಕಿಸಿದೆ. ಸಂಜೆ ಅವರ ಹತ್ತಿರ ಮಾತಾಡೋಣ ಅಂದುಕೊಂಡೆ. ಮೂರು ವಾರದಿಂದ ದಿನಾ ಹಾಗೇ ಅಂದುಕೊಳ್ಳುತ್ತಿದ್ದೆ. ಬೆಳಿಗ್ಗೆ ಶಿಫ್ಟಿಗೆ ಬಂದ ಹುಡುಗರೆಲ್ಲ ಬೋರ್ಡ್ ಮುಂದೆ ನಿಂತಿದ್ದರು. ಅವರ ಹಿಂದೆ ನಿಂತು ಅಣ್ಣನೂ ಓದಿದರು. ಮೇಲೆ ಬೇರೆಯವರ ಹೆಸರು. ಇವರದು ಪಕ್ಕದಲ್ಲಿ ಒಂದು ಚೌಕದೊಳಗೆ, ‘ಸಲಹೆಗಾರ’ ಅಂತ. ಅದರ ಕೆಳಗೆ ಒಬ್ಬರೂ ಇಲ್ಲ. ಸಂಬಳ ಜಾಸ್ತಿ ಮಾಡಿದ್ದೆ, ಅದನ್ನು ಹೇಳೋಕೂ ಆಗಲಿಲ್ಲ. ಹೇಳಿದ್ದರೂ ಏನು? ತಾವೇ ಕೆಲಸ ಕಲಿಸಿದ ಹುಡುಗರಿಗೆ ತಮಗಿಂತ ಮುಂಚೆ ಗೊತ್ತಾಗಿಬಿಟ್ಟಿತ್ತು, ಅಲ್ವಾ? ಮಧ್ಯಾಹ್ನ ಶೆಡ್ಡಿನ ಬೀಗದ ಕೈ ಗೊಂಚಲು ತಂದು ನನ್ನ ಟೇಬಲ್ ಮೇಲಿಟ್ಟರು. ಒಂದು ಮಾತೂ ಆಡಲಿಲ್ಲ. ನಾಲ್ಕು ತಿಂಗಳು ಮೇಲಿನ ರೂಮಿನಲ್ಲಿ ಸುಮ್ನೆ ಕೂತಿದ್ದು, ಬಿಟ್ಟು ಹೋದರು. ಹಿಂದೆಯೇ ಮೂವರು ಒಳ್ಳೇ ಆಪರೇಟರ್‌ಗಳೂ ಹೋದರು.

ಹಾಗಾಗಿ ‘ನೋವಾಗದ ಹಾಗೆ’ ಅನ್ನೋದನ್ನು ಬಿಟ್ಟುಬಿಡಿ. ನೋವಾಗೇ ಆಗುತ್ತದೆ. ಆ ಮೂರು ವಾರ ನಾನು ತಪ್ಪಿಸಿಕೊಂಡದ್ದು ನನ್ನ ಮುಜುಗರದಿಂದ. ಸಲಹೆಗಾರ ಅನ್ನೋ ಹುದ್ದೆಯಂತೂ ಬೇಡವೇ ಬೇಡ. ನಿಜವಾದ ಕೆಲಸ ಕೊಡಿ. ನಮ್ಮಲ್ಲಿ ಅದು ಕಣ್ಣೆದುರೇ ಇತ್ತು: ಐಟಿಐ ಮುಗಿಸಿ ಬರುವ ಹುಡುಗರಿಗೆ ಕಲಿಸೋದು, ಮಶಿನ್ ಸೆಟ್ ಮಾಡಿದಾಗಲೆಲ್ಲ ಮೊದಲ ಪೀಸ್ ನೋಡಿ ಪಾಸ್ ಮಾಡೋದು, ಸರಿಯಿಲ್ಲದಿದ್ದರೆ ಮಶಿನ್ ನಿಲ್ಲಿಸೋದು. ಅವರು ನಿಲ್ಲಿಸಿದ ಮಶಿನ್ ಪ್ಲಾಂಟ್ ಹೆಡ್ ಹೇಳಿದರೂ ಓಡಬಾರದು.

ಹೊಸಬರ ಇಂಟರ್‌ವ್ಯೂ ಮುಂದಿನ ವಾರ ಅಂತ ಬರೆದಿದ್ದೀರಿ. ನಾಳೆಯೇ ನಿಮ್ಮ ಮ್ಯಾನೇಜರ್ ಹತ್ತಿರ ಕೂತು ಮಾತಾಡಿ. ಒಪ್ಪಿದರೆ ಆ ಇಂಟರ್‌ವ್ಯೂಗೆ ಅವರನ್ನೂ ಕೂರಿಸಿಕೊಳ್ಳಿ.